ಇಳಿಯದೆ ಮಾರ್ಕೆಟ್‌ವರೆಗೆ

ಸಂಪಾದಕರ ಉತ್ತರ

ಓದುಗರ ಪತ್ರ: “ಸಂಪಾದಕರೇ, ಹೋದ ಸಂಚಿಕೆಯಲ್ಲಿ ಜರ್ಮನಿಯ ಟ್ಯೂಬಿಂಗೆನ್ ಊರಿನ ಕಟ್ಟದೇ ಬಿಟ್ಟ ರೈಲಿನ ಕಥೆ ಹಾಕಿದ್ದೀರಿ. ಸುತ್ತಲಿನ ಊರುಗಳಿಂದ ಬಂದ ರೈಲು ಸ್ಟೇಷನ್‌ನಲ್ಲಿ ನಿಂತುಬಿಡದೆ, ಟ್ರಾಮ್ ಆಗಿ ಪೇಟೆ ಬೀದಿಗೇ ಹೋಗುವ ಯೋಜನೆ ಅಂತೆ. ನಾನು ನಂಜನಗೂಡಿನಿಂದ ದಿನಾ ಮೈಸೂರಿಗೆ ಬಂದು ಸಯ್ಯಾಜಿ ರಾವ್ ರಸ್ತೆಯ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಇಪ್ಪತ್ತೈದು ಕಿಲೋಮೀಟರ್ ಆರಾಮಾಗಿ ಬರುತ್ತೇನೆ. ಸ್ಟೇಷನ್‌ನಿಂದ ಅಂಗಡಿ ಸೇರುವಷ್ಟರಲ್ಲಿ ಸಾಕುಸಾಕಾಗುತ್ತೆ. ಅವರು ಬೇಡ ಅಂದ ರೈಲನ್ನು ನಮಗಾದರೂ ಕೊಡಬಾರದೇ? ಕಟ್ಟದ ರೈಲಿನ ಕಥೆ ಓದಿಸಿ ಹೊಟ್ಟೆ ಉರಿಸುವ ಬದಲು, ಮೈಸೂರಿಗೆ ಇದು ಯಾಕೆ ಆಗಲ್ಲ ಅಂತ ಬರೆಯಿರಿ. ನಿಮ್ಮ ಕಡೆಯಿಂದ ಒಂದು ಮನವಿಯನ್ನೂ ಕಳಿಸಬಾರದೇ?” (ಓದುಗರು, ನಂಜನಗೂಡು)

ನಮಸ್ಕಾರ. ನಿಮ್ಮ ಪತ್ರ ಬಂದ ದಿನ ನಮ್ಮ ಕಚೇರಿಯಲ್ಲಿ ಕಾಫಿ ಆರಿಹೋಗುವಷ್ಟು ಜಗಳ ಆಯಿತು. ಒಬ್ಬರು “ಕೇಳೋದರಲ್ಲಿ ತಪ್ಪೇನಿದೆ” ಅಂದರು. ಇನ್ನೊಬ್ಬರು “ಸಯ್ಯಾಜಿ ರಾವ್ ರಸ್ತೇಲಿ ಸ್ಕೂಟರ್ ನಿಲ್ಸೋಕೇ ಜಾಗ ಇಲ್ಲ, ರೈಲಂತೆ” ಅಂದರು. ಜಗಳ ಬಿಡಿಸೋಕೆ ನಾನೇ ಒಂದು ದಿನ ಬೆಳಿಗ್ಗೆ ಒಂಬತ್ತೂವರೆಗೆ ಸ್ಟೇಷನ್‌ನಿಂದ ಹೊರಟೆ. ಇರ್ವಿನ್ ರಸ್ತೆ ಹಿಡಿದು, ಕೆ.ಆರ್. ಆಸ್ಪತ್ರೆ ದಾಟಿ, ಆಯುರ್ವೇದ ಕಾಲೇಜು ಸರ್ಕಲ್‌ನಲ್ಲಿ ಬಲಕ್ಕೆ ತಿರುಗಿ, ದೇವರಾಜ ಮಾರ್ಕೆಟ್ ಪಕ್ಕದಲ್ಲೇ ನಡೆದು ಕೆ.ಆರ್. ಸರ್ಕಲ್ ಸೇರಿದೆ. ಇಪ್ಪತ್ತೆರಡು ನಿಮಿಷ. ಅದರಲ್ಲಿ ನಾಲ್ಕು ನಿಮಿಷ ರಸ್ತೆ ದಾಟಲು ಕಾದಿದ್ದು.

ಇಷ್ಟೇನಾ ಅಂತ ಮೊದಲು ಅನಿಸಿತು. ಒಂದೂವರೆ ಕಿಲೋಮೀಟರ್ ಆಸುಪಾಸು. ಆಮೇಲೆ ಯೋಚಿಸಿದೆ. ನಾನು ನಡೆದದ್ದು ಒಂದು ದಿನ, ಬಿಸಿಲಿಲ್ಲದ ಹೊತ್ತು, ಕೈಯಲ್ಲಿ ಏನೂ ಇಲ್ಲ. ನೀವು ಅದನ್ನೇ ದಿನಕ್ಕೆ ಎರಡು ಸಲ, ವರ್ಷವಿಡೀ, ಆಷಾಢದ ಮಳೆಯಲ್ಲೂ ಮಾಡುತ್ತೀರಿ. ಮಂಡಿ ನೋವಿನ ಅಮ್ಮನನ್ನು ಕೆ.ಆರ್. ಆಸ್ಪತ್ರೆಗೆ ಕರೆತರುವವರಿಗೆ ಅದೇ ದಾರಿ ಇನ್ನೂ ಉದ್ದ. ಆದ್ದರಿಂದ ನಿಮ್ಮ ಸಿಟ್ಟನ್ನು ನಾನು ಸುಮ್ನೆ ತಳ್ಳಿಹಾಕುವುದಿಲ್ಲ.

ಈ ಟ್ರಾಮ್-ರೈಲಿನ ಯೋಚನೆ ಹುಟ್ಟಿದ್ದೇ ನಿಮ್ಮಂಥವರ ಸಿಟ್ಟಿನಿಂದ. ಜರ್ಮನಿಯ ಕಾರ್ಲ್ಸ್‌ರೂಹೆ ಊರಿನಲ್ಲಿ 1913ರಲ್ಲಿ ದೊಡ್ಡ ಸ್ಟೇಷನ್ನನ್ನು ಪೇಟೆಯ ಹತ್ತಿರದಿಂದ ಎತ್ತಿ ದಕ್ಷಿಣಕ್ಕೆ ಒಯ್ದರು. ಪೇಟೆಯ ಚೌಕ ಅಲ್ಲಿಂದ ಸುಮಾರು ಎರಡು ಕಿಲೋಮೀಟರ್. ಹಳ್ಳಿಗಳಿಂದ ಬಂದವರು ಇಳಿದು, ಕಾದು, ಟ್ರಾಮ್ ಹತ್ತಬೇಕು. ಬೇಸತ್ತ ಜನ ಕಾರು ಕೊಂಡರು. ಊರಿನ ಸಾರಿಗೆ ನಡೆಸುತ್ತಿದ್ದ ಡೀಟರ್ ಲುಡ್ವಿಗ್ ಎಂಬವರು ಒಂದು ಸೀದಾ ಪ್ರಶ್ನೆ ಹಿಡಿದು ಕೂತರು: ರೈಲು ಹಳಿಯೂ ಟ್ರಾಮ್ ಹಳಿಯೂ ಒಂದೇ ಅಗಲ, 1435 ಮಿಲಿಮೀಟರ್. ಹಾಗಿದ್ದ ಮೇಲೆ ಜನ ಯಾಕೆ ಇಳಿಯಬೇಕು?

ಅಡ್ಡಿ ಇದ್ದದ್ದು ಕರೆಂಟಿನಲ್ಲಿ. ರೈಲಿನ ತಂತಿಯಲ್ಲಿ 15,000 ವೋಲ್ಟ್, ಟ್ರಾಮ್ ತಂತಿಯಲ್ಲಿ 750. ಎರಡನ್ನೂ ಉಣ್ಣುವ ಬೋಗಿ ಮಾಡಿಸಿದರು. ರೈಲು ಹಳಿಯೂ ಟ್ರಾಮ್ ಹಳಿಯೂ ಕೂಡುವ ಕಡೆ ತಂತಿಯ ಒಂದು ತುಂಡಿನಲ್ಲಿ ಕರೆಂಟೇ ಇರುವುದಿಲ್ಲ. ಗಾಡಿ ಬಂದ ಓಟದಲ್ಲೇ ಅದನ್ನು ದಾಟಿ ಇನ್ನೊಂದು ಕರೆಂಟಿಗೆ ಬದಲಾಗುತ್ತದೆ. ಇನ್ನೊಂದು ಭಯ, ಹಗುರ ಟ್ರಾಮ್‌ಗೆ ಭಾರಿ ರೈಲು ಗುದ್ದಿದರೆ? ಬೋಗಿಯನ್ನು ಉಕ್ಕಿನ ಕೋಟೆ ಮಾಡುವ ಬದಲು, ಗುದ್ದುವ ಸಂದರ್ಭವೇ ಬರದಂತೆ ಸಿಗ್ನಲ್ ಬಿಗಿ ಮಾಡಿದರು, ಬ್ರೇಕ್ ಚುರುಕು ಮಾಡಿದರು. 1992ರ ಸೆಪ್ಟೆಂಬರ್‌ನಲ್ಲಿ ಬ್ರೆಟೆನ್ ಎಂಬ ಸಣ್ಣ ಊರಿನಿಂದ ಹೊರಟ ಗಾಡಿ ಸೀದಾ ಕಾರ್ಲ್ಸ್‌ರೂಹೆ ಪೇಟೆ ಬೀದಿಗೆ ಬಂತು. ಆ ದಾರಿಯ ಪ್ರಯಾಣಿಕರು ಹಲವು ಪಟ್ಟು ಹೆಚ್ಚಿದರು. ಬ್ರೆಟೆನ್ ಅಂದರೆ ಅವರ ನಂಜನಗೂಡು ಅಂತ ಇಟ್ಟುಕೊಳ್ಳಿ. ಶ್ರೀಕಂಠೇಶ್ವರ ಒಬ್ಬ ಇಲ್ಲ ಅಷ್ಟೆ.

ನಮ್ಮ ಬರಹದಲ್ಲಿ ಜಾಗ ಸಾಲದೆ ಬಿಟ್ಟ ಒಂದು ಮಾತು ಈಗ ಹೇಳಬೇಕು. ಕಾರ್ಲ್ಸ್‌ರೂಹೆಗೆ ಗೆದ್ದದ್ದೇ ಕಷ್ಟವಾಯಿತು. ಎಲ್ಲ ದಿಕ್ಕಿನ ಊರುಗಳ ಗಾಡಿಗಳೂ ಒಂದೇ ಪೇಟೆ ಬೀದಿಗೆ ಬಂದವು. ಒಂದರ ಹಿಂದೆ ಒಂದು, ಹಳದಿ ಗೋಡೆ ಥರ. ಆಚೆ ಅಂಗಡಿಯಿಂದ ಈಚೆ ಅಂಗಡಿಗೆ ಬರೋಕೆ ಕಾಯಬೇಕು. ಕೊನೆಗೆ 2010ರಲ್ಲಿ ಆ ಬೀದಿಯ ಕೆಳಗೆ ಸುರಂಗ ಅಗೆಯಲು ಶುರು ಮಾಡಿದರು. ಮುಗಿದದ್ದು 2021ರ ಡಿಸೆಂಬರ್‌ನಲ್ಲಿ. ಹನ್ನೊಂದು ವರ್ಷಕ್ಕೂ ಮೇಲೆ, ಪೇಟೆ ಬೀದಿ, ಅಗೆತ. ನಿಮ್ಮ ಅಂಗಡಿ ಯಜಮಾನರಿಗೆ ಈ ಸಾಲು ಓದಿ ಹೇಳಿ, ಅವರ ಮುಖ ನೋಡಿ.

ಟ್ಯೂಬಿಂಗೆನ್‌ನಲ್ಲಿ ಆದದ್ದೂ ಇಂಥ ಮುಖಗಳಿಂದಲೇ. ಅದು ಯೂನಿವರ್ಸಿಟಿ ಊರು, ಮೈಸೂರಿನ ಥರ. ಸ್ಟೇಷನ್ ಹೊಳೆಯ ಈಚೆ, ಹಳೇ ಪೇಟೆ ಆಚೆ, ದೊಡ್ಡ ಆಸ್ಪತ್ರೆಗಳು ಗುಡ್ಡದ ಮೇಲೆ. ಸುತ್ತಲಿನ ಊರುಗಳಿಂದ ದಿನಾ ಕೆಲಸಕ್ಕೆ ಬರುವವರು ಸ್ಟೇಷನ್‌ನಲ್ಲಿ ಇಳಿದು ಬಸ್ಸಿಗೆ ನುಗ್ಗಬೇಕು. ಆ ಬಸ್ಸುಗಳೋ ಪೇಟೆಯ ಒಂದು ಕಿರಿದಾದ ಬೀದಿಯಲ್ಲಿ ಸಾಲುಗಟ್ಟುತ್ತವೆ. ಹಾಗಾಗಿ ರೈಲನ್ನೇ ಸೇತುವೆ ದಾಟಿಸಿ, ಪೇಟೆ ಮೂಲಕ ಗುಡ್ಡಕ್ಕೆ ಒಯ್ಯುವ ಯೋಜನೆ. ಮೇಯರೂ ಪರವಾಗಿದ್ದರು. 2021ರ ಸೆಪ್ಟೆಂಬರ್ 26ರಂದು ಊರಿನವರನ್ನೇ ಕೇಳಿದರು. ಶೇಕಡ 57ರಷ್ಟು ಮಂದಿ ಬೇಡ ಅಂದರು. ಹೊರಗಿನ ಊರುಗಳ ರೈಲುಗಳನ್ನು ಸುಧಾರಿಸುವ ಕೆಲಸ ಮುಂದುವರಿಯಿತು. ಪೇಟೆಯೊಳಗಿನ ತುಂಡು ಮಾತ್ರ ಕಾಗದದಲ್ಲೇ ಉಳಿಯಿತು.

ಇದರಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಓಟಿನ ಲೆಕ್ಕಕ್ಕಿಂತ ಓಟು ಹಾಕಿದವರು ಯಾರು ಅನ್ನುವುದು. ಓಟು ಇದ್ದದ್ದು ಟ್ಯೂಬಿಂಗೆನ್ ಊರಿನವರಿಗೆ. ಆ ರೈಲಿನಿಂದ ಜಾಸ್ತಿ ಅನುಕೂಲ ಇದ್ದದ್ದು ಹೊರಗಿನ ಊರುಗಳಿಂದ ಬರುವವರಿಗೆ. ಅಗೆತದ ಧೂಳು ಕುಡಿಯುವವರು ಒಬ್ಬರು, ಇಳಿಯದೆ ಕೂತು ಹೋಗುವವರು ಇನ್ನೊಬ್ಬರು. ಧೂಳು ಕುಡಿಯುವವನನ್ನು ಕೇಳಿದರೆ ಅವನು ಏನು ಹೇಳಿಯಾನು?

ಅದೇ ದೇಶದ ಕೀಲ್ ಬಂದರಿನಲ್ಲಿ ಇದು ತಿರುಗಾಮುರುಗಾ ಆಯಿತು. ಅಲ್ಲಿ ಹಳೇ ಟ್ರಾಮ್ 1985ರಲ್ಲೇ ನಿಂತುಹೋಗಿತ್ತು. ಸುತ್ತಲಿನ ರೈಲುಗಳನ್ನು ಬೀದಿಗೆ ತರುವ ಯೋಜನೆಗೆ ನಗರ ಒಪ್ಪಿತು, ಪಕ್ಕದ ಜಿಲ್ಲೆ ಒಪ್ಪಲಿಲ್ಲ. ನಿಮ್ಮ ಪೇಟೆಗೆ ನಮ್ಮ ದುಡ್ಡು ಯಾಕೆ ಅನ್ನುವ ವಾದ. 2015ರ ಹೊತ್ತಿಗೆ ಆ ಕಡತ ಮುಚ್ಚಿತು. ಈಗ ಕೀಲ್ ತನ್ನ ಮಟ್ಟಿಗೆ ಬರೀ ಟ್ರಾಮ್ ಸಾಕು ಅಂತ ಹೊರಟಿದೆ.

ಈಗ ಮೈಸೂರಿಗೆ ಬರೋಣ.

ನೀವು ನಂಜನಗೂಡು ನಗರಸಭೆಯ ಮತದಾರರು. ಸಯ್ಯಾಜಿ ರಾವ್ ರಸ್ತೆ ಮೈಸೂರು ಪಾಲಿಕೆಯದು. ಆ ವಾರ್ಡಿನ ಕಾರ್ಪೊರೇಟರ್‌ಗೆ ನಿಮ್ಮ ಓಟು ಬೇಕಿಲ್ಲ. ಅಂಗಡಿಯವರ ಓಟು ಬೇಕು. ಶ್ರೀರಂಗಪಟ್ಟಣ, ಪಾಂಡವಪುರ, ಮಂಡ್ಯದಿಂದ ಬರುವವರದು ಇನ್ನೊಂದು ಹೆಜ್ಜೆ ದೂರ. ಅವರದು ಜಿಲ್ಲೆಯೇ ಬೇರೆ. (ಮಂಡ್ಯದ ಓದುಗರೊಬ್ಬರು “ನಮ್ಮ ರೈಲು ಲೆಕ್ಕಕ್ಕಿಲ್ವಾ?” ಅಂತ ಕಾರ್ಡ್ ಬರೆದಿದ್ದಾರೆ. ಇದೆ ಸ್ವಾಮಿ.) ಕೀಲ್‌ನಲ್ಲಿ ಪಕ್ಕದ ಜಿಲ್ಲೆ ಕೇಳಿದ ಪ್ರಶ್ನೆಯನ್ನು ಮಂಡ್ಯದವರು ಕೇಳುವುದಿಲ್ಲ ಅಂತ ನನಗೇನೂ ಧೈರ್ಯ ಇಲ್ಲ. ಮಂಡ್ಯದವರು ಪ್ರಶ್ನೆ ಕೇಳುವುದರಲ್ಲಿ ಹಿಂದೆ ಬಿದ್ದವರಲ್ಲ.

ಇದರ ಮೇಲೆ ಸಂವಿಧಾನದ ಒಂದು ಗಂಟೂ ಇದೆ. ರೈಲು ಕೇಂದ್ರದ ಪಟ್ಟಿಯಲ್ಲಿದೆ. ಮುನ್ಸಿಪಲ್ ಟ್ರಾಮ್ ರಾಜ್ಯದ ಪಟ್ಟಿಯಲ್ಲಿದೆ, ರಸ್ತೆ, ಸೇತುವೆ, ದೋಣಿಗಳ ಜೊತೆಗೆ. ಅಂದರೆ ನಿಮ್ಮ ಗಾಡಿ ನಂಜನಗೂಡಿನಿಂದ ಸ್ಟೇಷನ್‌ವರೆಗೆ ದೆಹಲಿಯ ಮಾತು ಕೇಳಬೇಕು, ಇರ್ವಿನ್ ರಸ್ತೆಗೆ ಇಳಿದ ಕೂಡಲೇ ಬೆಂಗಳೂರಿನದು. ಇಬ್ಬರೂ ಕೂತು ಮಾತಾಡಿದರೆ ಆಗದ್ದೇನಲ್ಲ. ಬೆಂಗಳೂರಿನ ಉಪನಗರ ರೈಲಿಗೆ ಕೇಂದ್ರವೂ ರಾಜ್ಯವೂ ಸೇರಿ ಕಂಪನಿ ಕಟ್ಟಿವೆ. 148 ಕಿಲೋಮೀಟರ್, 15,767 ಕೋಟಿ ರೂಪಾಯಿಯ ಯೋಜನೆಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ಆದರೆ ಅದಕ್ಕೆ ಮುಂಚೆ ಬೆಂಗಳೂರು ಎಷ್ಟು ದಶಕ ಕೇಳಿತು ಅನ್ನುವುದು ನಿಮಗೂ ಗೊತ್ತು.

ಹಳಿಯ ಕಥೆ ನೋಡಿ. ಲುಡ್ವಿಗ್ ಅವರಿಗೆ ಎರಡೂ ಹಳಿ ಒಂದೇ ಅಗಲ ಇದ್ದವು. ನಂಜನಗೂಡಿನ ಮೇಲೆ ಹೋಗುವ ನಮ್ಮ ಚಾಮರಾಜನಗರದ ದಾರಿ ಮೊದಲು ಮೀಟರ್ ಗೇಜು, ಅಂದರೆ ಹಳಿಗಳ ನಡುವೆ ಒಂದು ಮೀಟರ್. 2008ರಲ್ಲಿ ಬ್ರಾಡ್ ಗೇಜು ಆಯಿತು. ಬ್ರಾಡ್ ಗೇಜು ಅಂದರೆ 1676 ಮಿಲಿಮೀಟರ್. ಪ್ರಪಂಚದಲ್ಲಿ ಸಿದ್ಧವಾಗಿ ಸಿಗುವ ಟ್ರಾಮ್‌ಗಳಲ್ಲಿ ಹೆಚ್ಚಿನವು 1435ರವು, ಕೋಲ್ಕತ್ತದವೂ ಅಷ್ಟೆ. ದೆಹಲಿ ಮೆಟ್ರೋದ ಮೊದಲ ಮಾರ್ಗಗಳನ್ನು ಬ್ರಾಡ್ ಗೇಜಿನಲ್ಲೇ ಕಟ್ಟಿದರು. ಆಮೇಲೆ ಅವರೂ ಬಿಟ್ಟರು. ನಮ್ಮ ಮೆಟ್ರೋ ಕೂಡ 1435. ಹಾಗಾಗಿ ನಂಜನಗೂಡಿನ ಹಳಿಗೆ ಹೊಂದುವ ಟ್ರಾಮ್ ಬೇಕು ಅಂದರೆ ಹೊಸದಾಗಿ ಹೊಲಿಸಿದ ಅಂಗಿ ಥರ ಅಳತೆ ಕೊಟ್ಟು ಮಾಡಿಸಬೇಕು. ಉಪಾಯ ಇಲ್ಲದಿಲ್ಲ. ಜರ್ಮನಿಯ ಜ್ವಿಕಾವ್ ಊರಿನಲ್ಲಿ ಟ್ರಾಮ್ ಮೀಟರ್ ಗೇಜು, ರೈಲು 1435. ಬೀದಿಯಲ್ಲಿ ಮೂರನೇ ಹಳಿ ಒಂದನ್ನು ಹಾಕಿ 1999ರಿಂದ ಡೀಸೆಲ್ ರೈಲುಬಸ್ಸನ್ನೇ ಪೇಟೆ ಮಧ್ಯಕ್ಕೆ ತಂದರು. ನನಗೆ ಇದು ಕಾರ್ಲ್ಸ್‌ರೂಹೆಗಿಂತ ಇಷ್ಟ. ಆಡಂಬರ ಇಲ್ಲ.

ಆದರೆ ತಿರುವು? ಟ್ರಾಮ್ ಇಪ್ಪತ್ತೈದು ಮೀಟರ್ ತ್ರಿಜ್ಯದ ಮೂಲೆಯಲ್ಲೂ ತಿರುಗುತ್ತದೆ. ನಮ್ಮ ಬ್ರಾಡ್ ಗೇಜು ಬೋಗಿಗೆ 175 ಮೀಟರ್ ಬೇಕು. ಆಯುರ್ವೇದ ಕಾಲೇಜು ಸರ್ಕಲ್‌ನಲ್ಲಿ 175 ಮೀಟರ್ ತ್ರಿಜ್ಯದ ತಿರುವು ಹಾಕಿದರೆ ಕಾಲೇಜೂ ಉಳಿಯುವುದಿಲ್ಲ, ಆಸ್ಪತ್ರೆಯೂ ಉಳಿಯುವುದಿಲ್ಲ.

ಉಳಿಯುವುದು ಅಂದಾಗ ಇನ್ನೊಂದು ನೆನಪಾಯಿತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜನ ಸತ್ತರು. 2016ರಲ್ಲಿ ದೇವರಾಜ ಮಾರ್ಕೆಟ್‌ನ ಒಂದು ಪಕ್ಕ ಬಿತ್ತು. ಉಳಿಸಬೇಕೋ ಕೆಡವಬೇಕೋ ಅಂತ ವರ್ಷಗಟ್ಟಲೆ ವಾದ ನಡೆಯಿತು. ಆ ಗೋಡೆಗಳ ಬುಡದಲ್ಲಿ ಹಳಿಗೆ ಅಡಿಪಾಯ ತೋಡುವ ಇಂಜಿನಿಯರ್ ಯಾರೇ ಆಗಲಿ, ಅವರಿಗೆ ನನ್ನ ಮುಂಗಡ ನಮಸ್ಕಾರ.

ದಸರಾ ಬಗ್ಗೆ ಕಚೇರಿಯಲ್ಲಿ ಎಲ್ಲರೂ ಒಟ್ಟಿಗೇ ಕೂಗಿದರು. ಜಂಬೂ ಸವಾರಿ ಹೋಗುವುದು ಇದೇ ಸಯ್ಯಾಜಿ ರಾವ್ ರಸ್ತೆಯಲ್ಲಿ, ಬನ್ನಿಮಂಟಪಕ್ಕೆ. ಆನೆ, ಅದರ ಬೆನ್ನ ಮೇಲೆ ನಮ್ದಾ, ಗಾದಿ, ಅದರ ಮೇಲೆ 750 ಕಿಲೋ ಅಂಬಾರಿ, ಅಂಬಾರಿಯೊಳಗೆ ತಾಯಿ ಚಾಮುಂಡೇಶ್ವರಿ. ಮೇಲೆ 750 ವೋಲ್ಟಿನ ತಂತಿ! ಕಿಲೋ, ವೋಲ್ಟ್ ಎರಡೂ 750 ಆದದ್ದು ಕಾಕತಾಳೀಯ. ಆದರೆ ಮೈಸೂರಿನಲ್ಲಿ ಯಾವ ಕಮಿಷನರೂ ಆ ಕಡತಕ್ಕೆ ಸಹಿ ಹಾಕುವುದಿಲ್ಲ. ಫ್ರಾನ್ಸಿನ ಬೋರ್ಡೋ ಊರಿನಲ್ಲಿ 2003ರಿಂದ ಹಳೇ ಪೇಟೆಯೊಳಗೆ ಟ್ರಾಮ್‌ಗೆ ಮೇಲೆ ತಂತಿ ಇಲ್ಲ. ಎರಡು ಹಳಿಯ ನಡುವೆ ನೆಲದಲ್ಲೇ ಕರೆಂಟಿನ ಪಟ್ಟಿ ಇದೆ. ಟ್ರಾಮ್ ಮೇಲೆ ನಿಂತಿರುವ ತುಂಡಿಗೆ ಮಾತ್ರ ಕರೆಂಟ್ ಹರಿಯುತ್ತದೆ. ಶುರುವಿನಲ್ಲಿ ಅದು ಸಾಕಷ್ಟು ಕೈಕೊಟ್ಟಿತು, ಆಮೇಲೆ ಸರಿಹೋಯಿತು. ನೀಸ್ ಊರಿನ ಟ್ರಾಮ್ 2007ರಲ್ಲೇ ಎರಡು ಚೌಕಗಳನ್ನು ಬ್ಯಾಟರಿ ಮೇಲೆ ದಾಟುತ್ತಿತ್ತು. ಹಾಗಾಗಿ ಅಂಬಾರಿ ನಿಜವಾದ ಅಡ್ಡಿ ಅಲ್ಲ. ಹಳಿಯ ಸಂದಿಗೆ ಸೈಕಲ್ ಚಕ್ರ ಸಿಕ್ಕಿಕೊಳ್ಳುವುದು, ಟಾಂಗಾ ಕುದುರೆಯ ಕಾಲು ಜಾರುವುದು, ಇವೇ ದಿನದ ತೊಂದರೆಗಳು.

ನಿಜವಾದ ಅಡ್ಡಿ ಬೇರೆ ಇದೆ. ಅದನ್ನು ನಮ್ಮ ಕಚೇರಿಯ ಹೆಣ್ಣುಮಗಳೊಬ್ಬಳು ಒಂದೇ ಮಾತಿನಲ್ಲಿ ಹೇಳಿದಳು. “ಸಾರ್, ನಾನು ನಂಜನಗೂಡಿನಿಂದ ಬಸ್ಸಲ್ಲಿ ಬರ್ತೀನಿ. ಸಬರ್ಬ್ ಬಸ್ ಸ್ಟ್ಯಾಂಡಲ್ಲಿ ಇಳೀತೀನಿ. ಆಧಾರ್ ತೋರಿಸಿದ್ರೆ ಆಯ್ತು, ಫ್ರೀ. ನಿಮ್ಮ ಟ್ರಾಮ್‌ಗೆ ಎಷ್ಟು ಟಿಕೆಟ್?” 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ದುಡ್ಡಿಲ್ಲ. ಸಿಟಿ ಬಸ್ಸಿಗೂ ಅದೇ. ರೈಲಿನ ಸೀಸನ್ ಪಾಸ್ ಎಷ್ಟೇ ಅಗ್ಗ ಆಗಲಿ, ಸೊನ್ನೆಗಿಂತ ಅಗ್ಗ ಆಗಲ್ಲ ಅಲ್ವಾ? ಜರ್ಮನಿಯ ಯೋಜನೆಗಳೆಲ್ಲ ಕಾರಿನವರನ್ನು ಸೆಳೆಯಲು ಹುಟ್ಟಿದವು. ನಮ್ಮಲ್ಲಿ ನಂಜನಗೂಡಿನ ರೈಲು ಸ್ಪರ್ಧೆ ಮಾಡಬೇಕಾದ್ದು ಪುಕ್ಕಟೆ ಬಸ್ಸಿನ ಜೊತೆ, ಅದೂ ಅರಮನೆ ಪಕ್ಕದ ನಿಲ್ದಾಣಕ್ಕೇ ಬರುವ ಬಸ್ಸಿನ ಜೊತೆ. ಹೆಂಗಸರಿಗೆ ಇಳಿಯದೆ ಮಾರ್ಕೆಟ್ ಹತ್ತಿರ ಬರುವ ಗಾಡಿ ಆಗಲೇ ಸಿಕ್ಕಿದೆ. ಅದಕ್ಕೆ ಹಳಿ ಇಲ್ಲ ಅಷ್ಟೆ.

ಹಾಗಾದರೆ ರೈಲು ಬಿಟ್ಟುಬಿಡೋಣ ಅಂತಲಾ? ಇಲ್ಲ. ನಿಮ್ಮ ದಾರಿಯನ್ನೇ ಮತ್ತೊಮ್ಮೆ ನೋಡಿ. ನಂಜನಗೂಡಿನ ರೈಲು ಮೈಸೂರಿನ ಅಂಚಿನಲ್ಲಿ ನಿಂತುಬಿಡುವುದಿಲ್ಲ. ಕಡಕೊಳ ದಾಟಿ ಊರೊಳಗೇ ಬರುತ್ತದೆ. ಅಶೋಕಪುರಂ, ಚಾಮರಾಜಪುರಂ, ಆಮೇಲೆ ದೊಡ್ಡ ಸ್ಟೇಷನ್. ಕೋರ್ಟು, ಮಹಾರಾಜಾ ಕಾಲೇಜಿನ ಕಡೆ ಕೆಲಸ ಇರುವವರು ಚಾಮರಾಜಪುರಂನಲ್ಲೇ ಇಳಿಯುತ್ತಾರೆ. ನಗರದೊಳಗೆ ಮೂರು ಸ್ಟೇಷನ್ ಇರುವ ಒಂದು ಹಳಿ ನಮಗೆ ಅಜ್ಜನ ಕಾಲದಿಂದ ಸಿಕ್ಕಿದೆ. ಮೈಸೂರು–ನಂಜನಗೂಡು ದಾರಿ ಶುರುವಾದದ್ದು 1891ರಲ್ಲಿ. ಟ್ಯೂಬಿಂಗೆನ್‌ನವರು ಸೇತುವೆ ದಾಟಿಸಿ ಕಟ್ಟಬೇಕಿದ್ದ ಕೆಲಸದಲ್ಲಿ ಅರ್ಧ ನಮ್ಮಲ್ಲಿ ಆಗಲೇ ಮುಗಿದಿದೆ. ಕೊರತೆ ಇರುವುದು ಗಾಡಿಗಳಲ್ಲಿ. ಒಂದು ತಪ್ಪಿದರೆ ಇನ್ನೊಂದಕ್ಕೆ ಅರ್ಧ ಗಂಟೆ ಕಾದರೆ ಸಾಕು ಅನ್ನುವ ಹಾಗಿದ್ದರೆ ಜನ ಟೈಮ್ ನೋಡದೆ ಸ್ಟೇಷನ್‌ಗೆ ಬರುತ್ತಾರೆ. ಕಾರ್ಲ್ಸ್‌ರೂಹೆಯ ಗುಟ್ಟಿನಲ್ಲಿ ಇದೂ ಒಂದು. ಅವರು ಗಾಡಿಯನ್ನು ಬೀದಿಗೆ ತಂದದ್ದಷ್ಟೇ ಅಲ್ಲ, ದಾರಿಯುದ್ದಕ್ಕೂ ಹೊಸ ನಿಲ್ದಾಣ ಮಾಡಿದರು, ಗಾಡಿಗಳ ಸಂಖ್ಯೆ ಹೆಚ್ಚಿಸಿದರು. ಬೀದಿಯ ಫೋಟೋ ಚೆನ್ನಾಗಿ ಬರುತ್ತದೆ. ಟೈಮ್ ಟೇಬಲ್ ಫೋಟೋ ಯಾರೂ ತೆಗೆಯುವುದಿಲ್ಲ.

ಎರಡನೆಯದು ಸ್ಟೇಷನ್ ಬಾಗಿಲು. ರೈಲು ಬಂದ ಐದು ನಿಮಿಷಕ್ಕೆ ಒಂದು ಸಣ್ಣ ಬಸ್ಸು. ಇರ್ವಿನ್ ರಸ್ತೆ, ಆಸ್ಪತ್ರೆ, ಮಾರ್ಕೆಟ್, ಕೆ.ಆರ್. ಸರ್ಕಲ್, ವಾಪಸ್. ಬೇರೆಲ್ಲೂ ಹೋಗಬಾರದು. ರೈಲು ತಡವಾದರೆ ಬಸ್ಸೂ ಕಾಯಬೇಕು. ಇದು ದೊಡ್ಡ ತಂತ್ರಜ್ಞಾನವೂ ಅಲ್ಲ. ಸಿಟಿ ಬಸ್ ಎಲ್ಲಿದೆ, ಎಷ್ಟು ನಿಮಿಷಕ್ಕೆ ಬರುತ್ತೆ ಅಂತ ನಿಲ್ದಾಣದ ಬೋರ್ಡಿನಲ್ಲಿ ತೋರಿಸುವ ವ್ಯವಸ್ಥೆ ದೇಶದಲ್ಲೇ ಮೊದಲು ಬಂದ ಊರುಗಳಲ್ಲಿ ನಮ್ಮದೂ ಒಂದು, 2012ರಲ್ಲೇ. ಬಸ್ಸಿಗೆ ರೈಲು ಎಲ್ಲಿದೆ ಅಂತ ತಿಳಿಸುವುದು ಅದರ ಮುಂದಿನ ಹೆಜ್ಜೆ. ನನ್ನದೇ ಅನುಭವ ಹೇಳುತ್ತೇನೆ. ಹೋದ ವರ್ಷ ಒಂದು ಸಂಜೆ ರೈಲಿಳಿದು ಓಡಿ ಬಂದೆ. ನನ್ನ ಕಣ್ಣೆದುರೇ ಬಸ್ ಹೊರಟಿತು, ಅರ್ಧ ಖಾಲಿ. ಕೈ ಅಡ್ಡ ಹಿಡಿದೆ. ಡ್ರೈವರ್ ಗಡಿಯಾರ ತೋರಿಸಿದ. ಅವನ ಪ್ರಕಾರ ಅವನು ಸರಿ. ಅವನ ಟೈಮ್ ಶೀಟಿನಲ್ಲಿ ರೈಲು ಅನ್ನುವ ಪದವೇ ಇಲ್ಲ.

ಇಷ್ಟು ಆಗಿ, ಆ ಬಸ್ಸು ತುಂಬಿ ತುಳುಕಿ, ಇನ್ನು ಬಸ್ಸು ಸಾಲದು ಅನ್ನುವ ದಿನ ಬಂದರೆ ಆಗ ಹಳಿಯ ಮಾತು ಎತ್ತೋಣ. ಅವತ್ತೂ ನಾನು ಟ್ರಾಮ್-ರೈಲು ಕೇಳುವುದಿಲ್ಲ. ಬರೀ ಟ್ರಾಮ್ ಕೇಳುತ್ತೇನೆ, ಸ್ಟೇಷನ್ ಮುಂದಿನಿಂದ ಹೊರಡುವಂಥದ್ದು, 1435ರದ್ದು. ಒಂದು ಸಲ ಇಳಿದು ಹತ್ತಬೇಕು, ನಿಜ. ಆದರೆ ಒಂದೇ ಟಿಕೆಟ್, ಐದೇ ನಿಮಿಷ, ನೆರಳಿನಲ್ಲೇ ಅನ್ನುವ ಹಾಗಿದ್ದರೆ ನೀವು ಇಳಿಯಲು ಬೇಸರಪಡುತ್ತೀರಾ? ಸಣ್ಣ ಊರುಗಳಿಗೆ ಅಂತ ಕೇಂದ್ರ ಸರ್ಕಾರ 2019ರಲ್ಲಿ ಮೆಟ್ರೋಲೈಟ್ ಅನ್ನುವ ಹಗುರ ಮಾದರಿಯ ನಿಯಮ ಹೊರಡಿಸಿದೆ. ಹೆಸರು ಏನೇ ಇರಲಿ, ಅದು ಬಹುಮಟ್ಟಿಗೆ ಟ್ರಾಮೇ. ಇಂಗ್ಲೆಂಡಿನ ಶೆಫೀಲ್ಡ್‌ನವರು ರೈಲನ್ನೂ ಟ್ರಾಮನ್ನೂ ಒಂದು ಮಾಡಲು ಹೋಗಿ ಮೂರು ವರ್ಷ ತಡ ಮಾಡಿದರು. ಖರ್ಚು ಅಂದಾಜಿನ ಹಲವು ಪಟ್ಟಾಗಿ ಏಳೂವರೆ ಕೋಟಿ ಪೌಂಡ್ ತಲುಪಿತು. 2018ರ ಅಕ್ಟೋಬರ್ 25ಕ್ಕೆ ಓಡಾಟ ಶುರುವಾಯಿತು. ಅದೇ ದಿನ ಒಂದು ಗಾಡಿ ಲಾರಿಗೆ ಡಿಕ್ಕಿ ಹೊಡೆಯಿತು! ಈಗ ಅದು ಚೆನ್ನಾಗೇ ಓಡುತ್ತಿದೆ ಅನ್ನುವುದನ್ನೂ ಹೇಳಬೇಕು.

ನೀವು ಪತ್ರದ ಕೊನೆಯಲ್ಲಿ ನಮ್ಮ ಕಡೆಯಿಂದ ಒಂದು ಮನವಿ ಕಳಿಸಬಾರದೇ ಅಂತ ಕೇಳಿದ್ದೀರಿ. ಕಳಿಸೋಣ. ಆದರೆ “ನಮಗೆ ಟ್ರಾಮ್ ಬೇಕು” ಅಂತ ಬರೆದರೆ ಆ ಕಾಗದ ಎಲ್ಲಿ ಹೋಗುತ್ತೆ ಅಂತ ಇಬ್ಬರಿಗೂ ಗೊತ್ತು. ಅದಕ್ಕೆ ನಿಮ್ಮಿಂದ ಒಂದು ಕೆಲಸ ಆಗಬೇಕು. ಲೆಕ್ಕ ಬರೆಯುವವರು ನೀವು, ನಿಮಗೆ ಇದು ಕಷ್ಟವಲ್ಲ. ಒಂದು ತಿಂಗಳು ದಿನಾ ನಾಲ್ಕು ಅಂಕಿ ಬರೆದಿಡಿ. ರೈಲು ಸ್ಟೇಷನ್‌ಗೆ ಬಂದ ಹೊತ್ತು, ನಿಮಗೆ ಬಸ್ಸೋ ಆಟೋವೋ ಸಿಕ್ಕ ಹೊತ್ತು, ಕೊಟ್ಟ ದುಡ್ಡು, ಅಂಗಡಿ ಮೆಟ್ಟಿಲು ಹತ್ತಿದ ಹೊತ್ತು. ನಿಮ್ಮ ಬೋಗಿಯಲ್ಲಿ ದಿನಾ ಬರುವವರು ಇನ್ನೂ ಐದಾರು ಜನ ಸೇರಿದರೆ ಒಳ್ಳೆಯದು. ಕೆ.ಆರ್. ನಗರ, ಶ್ರೀರಂಗಪಟ್ಟಣ, ಮಂಡ್ಯ ಕಡೆಯವರೂ ಕಳಿಸಿ. ಒಂದು ಪುಟ ಪೂರ್ತಿ ನಿಮ್ಮ ಅಂಕಿಗಳನ್ನೇ ಹಾಕುತ್ತೇವೆ. ಆ ಪುಟವನ್ನೇ ಮನವಿಯ ಜೊತೆ ಲಗತ್ತಿಸುತ್ತೇನೆ.

ಇನ್ನೊಂದು. ಹೋದ ಸಂಚಿಕೆಯಲ್ಲಿ ಹಳದಿ ಗಾಡಿಯ ಚಿತ್ರದ ಕೆಳಗೆ ಟ್ಯೂಬಿಂಗೆನ್ ಅಂತ ಹಾಕಿದ್ದು ತಪ್ಪು. ಅದು ಕಾರ್ಲ್ಸ್‌ರೂಹೆ. ಟ್ಯೂಬಿಂಗೆನ್ ಬೀದಿಯಲ್ಲಿ ಅಂಥ ಗಾಡಿ ಓಡಲೇ ಇಲ್ಲವಲ್ಲ, ಫೋಟೋ ಎಲ್ಲಿಂದ ಬಂತು ಅಂತ ಮೂವರು ಓದುಗರು ಕೇಳಿದ್ದಾರೆ.

— ಸಂಪಾದಕ